ಘೋಷಣೆಯ ಕೆಳಗೆ ಯಾರ ಹೆಸರಿದೆ?

ನಮ್ಮ ಹುಡುಗರಲ್ಲಿ ಎರಡು ಗುಂಪುಗಳಿವೆ. ದೂರದ ಯಾವುದೋ ದೇಶದಲ್ಲಿ ಜನ ಬಿಡುಗಡೆಗಾಗಿ ಬಡಿದಾಡುತ್ತಿರುವ ಸುದ್ದಿ ಬಂದರೆ ಒಂದು ಗುಂಪು ತಕ್ಷಣ ಬ್ಯಾನರ್ ಬರೆಸುತ್ತದೆ. ಫ್ರೀಡಂ ಪಾರ್ಕಿನಲ್ಲಿ ಒಂದು ಗಂಟೆ ನಿಂತು ಗಂಟಲು ಹರಿಯುವಂತೆ ಕೂಗುತ್ತದೆ. ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿ ಮನೆಗೆ ಹೋಗುತ್ತದೆ. ಇನ್ನೊಂದು ಗುಂಪು ಇವರನ್ನು ನೋಡಿ ನಗುತ್ತದೆ. ‘ನೀವು ಇಲ್ಲಿ ಕೂಗಿದರೆ ಅಲ್ಲಿ ಗುಂಡು ನಿಲ್ಲುತ್ತದೇನ್ರಯ್ಯ? ಬರೀ ಮಾತು!’ ಎಂದು ಹೇಳಿ ಚಹಾ ಕುಡಿಯುತ್ತದೆ.

ಮೊದಲನೆಯವರು ಮಾತೇ ಕೆಲಸ ಎಂದುಕೊಂಡಿದ್ದಾರೆ. ಎರಡನೆಯವರು ಮಾತಿನಿಂದ ಏನೂ ಆಗದು ಎನ್ನುತ್ತಾರೆ, ಆದರೆ ಕೆಲಸವನ್ನೂ ಮಾಡುವುದಿಲ್ಲ. ನನ್ನ ಪ್ರಕಾರ ಇಬ್ಬರದೂ ತಪ್ಪು ಲೆಕ್ಕ. ಹೀಗೆನ್ನಲು ನಾನು ಪಂಡಿತನಲ್ಲ, ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಟ್ರೆಡಲ್ ಮೆಷಿನ್ನಿಗೆ ಕೈಕೊಟ್ಟವನು. ಆದರೆ ಮಾತನ್ನು ಕಾಗದಕ್ಕೆ ಒತ್ತಿ, ರೀಮಿನ ಲೆಕ್ಕದಲ್ಲಿ ಮಾರಿ ಅನ್ನ ತಿನ್ನುವವನು. ಮಾತಿನ ತೂಕ ಎಷ್ಟು ಎನ್ನುವುದು ನಮ್ಮ ಕಸುಬಿನವರಿಗೆ ಸ್ವಲ್ಪ ಗೊತ್ತಿರುತ್ತದೆ.

ನಮ್ಮ ಕಸುಬಿನಲ್ಲಿ ಒಂದು ಸಣ್ಣ ಸಾಲು ಇದೆ. ಕರಪತ್ರದ ತುದಿಯಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ, ‘ಮುದ್ರಣ:’ ಎಂದು ಪ್ರೆಸ್ಸಿನ ಹೆಸರು, ಊರು. 1867ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆಯಂತೆ ಅಚ್ಚಾದ ಪುಸ್ತಕ, ಪತ್ರಿಕೆಗಳ ಮೇಲೆ ಮುದ್ರಕನ ಹೆಸರು ಇರಲೇಬೇಕಿತ್ತು. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಚುನಾವಣೆ ಕರಪತ್ರಕ್ಕಂತೂ ಇವತ್ತಿಗೂ ಮುದ್ರಕ, ಪ್ರಕಾಶಕ ಇಬ್ಬರ ಹೆಸರೂ ಬೇಕು. ಸರ್ಕಾರಕ್ಕೆ ಆ ಸಾಲು ಯಾಕೆ ಬೇಕು? ಮಾತಿನಲ್ಲಿ ತಕರಾರು ಬಂದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂದು ತಿಳಿಯಲು. ಮೇಲಿನ ಘೋಷಣೆ ಎಷ್ಟೇ ದಪ್ಪ ಅಕ್ಷರದಲ್ಲಿರಲಿ, ಅದಕ್ಕೆ ಹೊಣೆ ಹೊರುವವನು ಕೆಳಗಿನ ಆ ಸಣ್ಣ ಸಾಲಿನಲ್ಲಿದ್ದಾನೆ. ನಾನು ಯಾವ ಹೋರಾಟದ ಮಾತು ಕೇಳಿದರೂ ಮೊದಲು ನೋಡುವುದು ಅದನ್ನೇ: ಕೆಳಗೆ ಯಾರ ಹೆಸರಿದೆ? ಈ ಮಾತಿಗೆ ಬೆಲೆ ಕಟ್ಟುವವರು ಯಾರು?

ದಕ್ಷಿಣ ಆಫ್ರಿಕಾದ ಕತೆಯನ್ನು ತೆಗೆದುಕೊಳ್ಳಿ. ಜಗತ್ತಿನ ಮೂಲೆಮೂಲೆಯ ಜನ ಒಂದು ದೇಶದ ಬಿಡುಗಡೆಗಾಗಿ ದನಿ ಸೇರಿಸಿದ್ದು ಅಲ್ಲಿ. ಅದರಲ್ಲಿ ಪೊಳ್ಳು ಮಾತೂ ಇತ್ತು, ಗಟ್ಟಿ ಮಾತೂ ಇತ್ತು. ಎರಡನ್ನೂ ಬೇರೆ ಮಾಡಿ ನೋಡಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಅಲ್ಲಿ ಮಾತಾಡುವುದೇ ಅಪರಾಧವಾಗಿತ್ತು. ಸರ್ಕಾರ ಒಬ್ಬನ ಮೇಲೆ ನಿಷೇಧ ಹೇರಿತೆಂದರೆ ಅವನು ಸಭೆಗೆ ಹೋಗುವಂತಿಲ್ಲ. ಅವನು ಹೇಳಿದ ಒಂದು ವಾಕ್ಯವನ್ನೂ ಯಾವ ಪತ್ರಿಕೆಯೂ ಅಚ್ಚು ಹಾಕುವಂತಿಲ್ಲ. ನೆಲ್ಸನ್ ಮಂಡೇಲಾ ಜೈಲಿನಲ್ಲಿದ್ದ 27 ವರ್ಷ ಅವರ ಮಾತು ಅವರ ದೇಶದಲ್ಲೇ ಕಳ್ಳಮಾಲು. ಲಂಡನ್ನಿನ ಗೋಡೆಯ ಮೇಲೆ ಮಂಡೇಲಾ ಹೆಸರು ಬರೆದವನಿಗೆ ಬಣ್ಣದ ಖರ್ಚು ಮಾತ್ರ. ಜೊಹಾನ್ಸ್‌ಬರ್ಗಿನಲ್ಲಿ ಅದೇ ಮಾತನ್ನು ಅಚ್ಚು ಹಾಕಿದವನಿಗೆ ಜೈಲು. ಒಂದೇ ಮಾತು ಒಂದು ಊರಿನಲ್ಲಿ ಬರೀ ಮಾತು, ಇನ್ನೊಂದು ಊರಿನಲ್ಲಿ ದೊಡ್ಡ ಕೃತಿ. ಮಾತು ಬೇರೆ, ಕೃತಿ ಬೇರೆ ಎಂದು ಕತ್ತರಿಸಿ ಇಡುವವರು ಇದನ್ನು ಮೊದಲು ತಿಳಿಯಬೇಕು.

ನುಡಿಗಾಗಿ ಹೋರಾಡುವ ನಾವು ಮರೆಯಬಾರದ ದಿನ 1976ರ ಜೂನ್ 16. ಆ ದಿನ ಸೊವೆಟೊದ ಶಾಲಾ ಮಕ್ಕಳು ರಟ್ಟಿನ ಹಲಗೆಗಳ ಮೇಲೆ ಕೈಯಲ್ಲಿ ಬರೆದುಕೊಂಡು ಬೀದಿಗೆ ಬಂದರು. ಗಣಿತ, ಸಮಾಜ ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಯಬೇಕು ಎಂದು ಸರ್ಕಾರ 1974ರಲ್ಲಿ ಆಜ್ಞೆ ಮಾಡಿತ್ತು. ಆಫ್ರಿಕಾನ್ಸ್ ಅಲ್ಲಿ ಪೊಲೀಸರ ಭಾಷೆ, ಪಾಸ್ ಕೇಳುವವನ ಭಾಷೆ. ಎಷ್ಟೋ ಮೇಷ್ಟ್ರುಗಳಿಗೇ ಅದು ಸರಿಯಾಗಿ ಬರುತ್ತಿರಲಿಲ್ಲ. ಮಕ್ಕಳು ಒಲ್ಲೆ ಎಂದರು. ಪೊಲೀಸರು ಗುಂಡು ಹಾರಿಸಿದರು. ಅಂದು ಸತ್ತವರಲ್ಲಿ 12 ವರ್ಷದ ಹೆಕ್ಟರ್ ಪೀಟರ್ಸನ್ ಒಬ್ಬ. ಮುಂದಿನ ತಿಂಗಳುಗಳಲ್ಲಿ ದೇಶದ ತುಂಬ ನೂರಾರು ಮಂದಿ ಸತ್ತರು.

ಗುಂಡು ತಗಲಿದ ಹೆಕ್ಟರನನ್ನು ಇನ್ನೊಬ್ಬ ಹುಡುಗ ಎತ್ತಿಕೊಂಡು ಓಡುತ್ತಿದ್ದಾನೆ, ಪಕ್ಕದಲ್ಲಿ ಅಕ್ಕ ಅಳುತ್ತ ಓಡುತ್ತಿದ್ದಾಳೆ. ಈ ಚಿತ್ರ ತೆಗೆದದ್ದು ‘ದಿ ವರ್ಲ್ಡ್’ ಪತ್ರಿಕೆಯ ಸ್ಯಾಮ್ ಎನ್‌ಜಿಮಾ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದು ಬಂತು. ಆಮೇಲೆ ಎನ್‌ಜಿಮಾ ಗತಿ ಏನಾಯಿತು? ಪೊಲೀಸರ ಕಾಟ ತಡೆಯದೆ ಕೆಲಸ ಬಿಟ್ಟು ಹಳ್ಳಿಗೆ ಹೋದರು, ಅಲ್ಲೂ ಕಾವಲು ಬಿತ್ತು. ಅವರ ಪತ್ರಿಕಾ ವೃತ್ತಿಯೇ ಮುಗಿಯಿತು. 1977ರ ಅಕ್ಟೋಬರ್ 19ರಂದು ‘ದಿ ವರ್ಲ್ಡ್’ ಪತ್ರಿಕೆಗೇ ಸರ್ಕಾರ ಬೀಗ ಹಾಕಿ ಸಂಪಾದಕ ಪರ್ಸಿ ಕೊಬೋಜಾರನ್ನು ಜೈಲಿಗೆ ತಳ್ಳಿತು. ಕೆಳಗಿನ ಸಾಲಿನಲ್ಲಿ ಹೆಸರು ಹಾಕುವುದು ಎಂದರೆ ಇದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸೊವೆಟೊ ಹೆಸರು ಹೇಳಿ ‘ನೋಡಿ, ಅವರೂ ನಮ್ಮಂತೆ ಮಾತೃಭಾಷೆಗಾಗಿ ಸತ್ತರು’ ಎಂದು ಭಾಷಣ ಮಾಡುವವರಿದ್ದಾರೆ. ಹಾಗಲ್ಲ. 1953ರ ಬಂಟು ಶಿಕ್ಷಣ ಕಾಯ್ದೆ ಕಪ್ಪು ಮಕ್ಕಳಿಗೆ ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಯಲ್ಲೇ ಕಲಿಸಿತು. ಆದರೆ ಪ್ರೀತಿಯಿಂದಲ್ಲ. ಕೂಲಿಗಷ್ಟೇ ಸಾಕಾಗುವ ಓದು ಕೊಟ್ಟು, ಜನಾಂಗ ಜನಾಂಗ ಒಡೆದು ಇಡುವುದಕ್ಕೆ. ಹಾಗಾಗಿ ಸೊವೆಟೊ ಮಕ್ಕಳು ಆಫ್ರಿಕಾನ್ಸ್ ಬೇಡ ಎಂದಾಗ ಅವರಲ್ಲಿ ಹೆಚ್ಚಿನವರು ಓದಲು ಬಯಸಿದ್ದು ಇಂಗ್ಲಿಷಿನಲ್ಲಿ. ನಮಗೆ ಇದು ಕಹಿ. ಆದರೂ ನುಂಗಬೇಕು. ಇನ್ನೊಬ್ಬರ ಹೋರಾಟಕ್ಕೆ ದನಿಗೂಡಿಸುವುದೆಂದರೆ ಅವರ ಬಾಯಿಗೆ ನಮ್ಮ ಮಾತು ತುರುಕುವುದಲ್ಲ, ಅವರು ಏನು ಹೇಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳುವುದು. ಅವರು ಹೋರಾಡಿದ್ದು ಹೇರಿಕೆಯ ವಿರುದ್ಧ, ಕೀಳು ಓದಿನ ವಿರುದ್ಧ. ನಮಗೂ ಅವರಿಗೂ ಇರುವ ನಿಜವಾದ ನಂಟು ಅಷ್ಟು. ಅದೇನು ಕಡಿಮೆಯೇ?

ಇನ್ನು ಹೊರಗಿನವರ ಮಾತಿಗೆ ಬರೋಣ. 1962ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ನಿರ್ಣಯ ಮಾಡಿತು. ದಕ್ಷಿಣ ಆಫ್ರಿಕಾದ ಜೊತೆ ರಾಯಭಾರ ಸಂಬಂಧ ಕಡಿಯಿರಿ, ವ್ಯಾಪಾರ ನಿಲ್ಲಿಸಿ ಎಂದು. ಆ ದೇಶದ ಜೊತೆ ದೊಡ್ಡ ವ್ಯಾಪಾರ ಇದ್ದ ಬ್ರಿಟನ್, ಅಮೆರಿಕ ವಿರುದ್ಧ ಮತ ಹಾಕಿದವು. ನಿರ್ಣಯಕ್ಕೆ ಕಟ್ಟಿಹಾಕುವ ಬಲವೂ ಇರಲಿಲ್ಲ. ಆಯುಧ ಮಾರಕೂಡದು ಎಂಬ ಕಡ್ಡಾಯ ಆಜ್ಞೆ ಭದ್ರತಾ ಮಂಡಳಿಯಿಂದ ಹೊರಬಿದ್ದದ್ದು 1977ರ ನವೆಂಬರಿನಲ್ಲಿ. ಹದಿನೈದು ವರ್ಷ! ನಡುವೆ ಸೊವೆಟೊ ಆಗಿತ್ತು. ಪೊಲೀಸರ ಕೈಯಲ್ಲಿ ಸ್ಟೀವ್ ಬೀಕೋ ಸತ್ತಿದ್ದರು. ಆ ಹದಿನೈದು ವರ್ಷ ಎಷ್ಟು ಭಾಷಣ, ಎಷ್ಟು ಖಂಡನೆ! ‘ಬರೀ ಮಾತು’ ಎಂದು ನಗುವವರು ಇಲ್ಲಿ ನಗಲಿ, ನಾನು ತಡೆಯುವುದಿಲ್ಲ.

ಆದರೆ ಮುಂದಿನ ಕತೆಯನ್ನೂ ಕೇಳಲಿ.

ಐರ್ಲೆಂಡಿನ ಡಬ್ಲಿನ್ ಪಟ್ಟಣದ ಹೆನ್ರಿ ಬೀದಿಯಲ್ಲಿ ಡನ್ಸ್ ಸ್ಟೋರ್ಸ್ ಎಂಬ ಅಂಗಡಿ. ಅಲ್ಲಿನ ಕೆಲಸಗಾರರ ಯೂನಿಯನ್ ಒಂದು ನಿರ್ಣಯ ಮಾಡಿತ್ತು: ನಮ್ಮ ಸದಸ್ಯರು ದಕ್ಷಿಣ ಆಫ್ರಿಕಾದ ಮಾಲನ್ನು ಮುಟ್ಟಬಾರದು. ಎಲ್ಲ ಯೂನಿಯನ್ನುಗಳೂ ಮಾಡುವಂಥ ನಿರ್ಣಯ, ಫೈಲಿನಲ್ಲಿ ಮಲಗಬಹುದಿತ್ತು. 1984ರ ಜುಲೈ 19ರಂದು ಮೇರಿ ಮ್ಯಾನಿಂಗ್ ಎಂಬ 21 ವರ್ಷದ ಹುಡುಗಿ ಗಲ್ಲಾದಲ್ಲಿ ಕೂತಿದ್ದಳು. ಗಿರಾಕಿಯೊಬ್ಬರು ದಕ್ಷಿಣ ಆಫ್ರಿಕಾದ ಎರಡು ಗ್ರೇಪ್‌ಫ್ರೂಟ್ ಹಣ್ಣು ತಂದಿಟ್ಟರು. ಕ್ಷಮಿಸಿ, ಇದಕ್ಕೆ ನಾನು ಬಿಲ್ ಹಾಕುವುದಿಲ್ಲ ಎಂದಳು. ಮ್ಯಾನೇಜರು ಬಂದರು. ಅವಳನ್ನು ಕೆಲಸದಿಂದ ಸಸ್ಪೆಂಡ್ ಮಾಡಿದರು. ಜೊತೆಯ ಕೆಲಸಗಾರರು, ಹೆಚ್ಚಿನವರು ಹುಡುಗಿಯರೇ, ಯೂನಿಯನ್ ಪ್ರತಿನಿಧಿ ಕ್ಯಾರೆನ್ ಗಿಯರನ್ ಜೊತೆ ಹೊರಗೆ ಬಂದರು. ಎಲ್ಲ ಸೇರಿ ಹತ್ತು ಹನ್ನೊಂದು ಮಂದಿ. ಬೀದಿಯಲ್ಲಿ ನಿಂತೇ ನಿಂತರು. ಎಷ್ಟು ದಿನ? ಎರಡು ವರ್ಷ ಒಂಬತ್ತು ತಿಂಗಳು! ಸಂಬಳದ ಜಾಗದಲ್ಲಿ ಯೂನಿಯನ್ ಕೊಡುತ್ತಿದ್ದದ್ದು ವಾರಕ್ಕೆ 21 ಪೌಂಡ್.

ಆ ಹುಡುಗಿಯರು ಕ್ರಾಂತಿಕಾರಿ ಪುಸ್ತಕ ಓದಿದವರಲ್ಲ. ವರ್ಣಭೇದದ ಬಗ್ಗೆ ತಮಗೆ ಆಗ ಹೆಚ್ಚೇನೂ ಗೊತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಗೊತ್ತಾದದ್ದು ಬೀದಿಯಲ್ಲಿ. ದೇಶ ಬಿಟ್ಟು ಬಂದಿದ್ದ ದಕ್ಷಿಣ ಆಫ್ರಿಕಾದ ಕಾರ್ಮಿಕ ನಾಯಕ ನಿಮ್ರಾಡ್ ಸೆಜಾಕೆ ದಿನವೂ ಬಂದು ಅವರ ಜೊತೆ ನಿಂತು ತನ್ನ ನಾಡಿನ ಕತೆ ಹೇಳಿದರು. ಮೊದಲು ಕಾಗದದ ಮೇಲೆ ಮಾತು, ಆಮೇಲೆ ಕೃತಿ, ಆ ಕೃತಿಯಿಂದ ತಿಳಿವಳಿಕೆ, ಆ ತಿಳಿವಳಿಕೆಯಿಂದ ಇನ್ನಷ್ಟು ಗಟ್ಟಿ ಮಾತು. 1985ರಲ್ಲಿ ಅವರು ದಕ್ಷಿಣ ಆಫ್ರಿಕಾವನ್ನು ಕಣ್ಣಾರೆ ನೋಡಲು ಹೊರಟರೆ ಅಲ್ಲಿನ ಸರ್ಕಾರ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಅಟ್ಟಿತು. ಬಂದೂಕು, ಟ್ಯಾಂಕು ಇದ್ದ ಸರ್ಕಾರಕ್ಕೆ ಗಲ್ಲಾ ಹುಡುಗಿಯರ ಭಯ! ಕಡೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರವೇ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿ ತರಿಸುವುದನ್ನು ನಿಷೇಧಿಸಿತು. 1990ರಲ್ಲಿ ಡಬ್ಲಿನ್ನಿಗೆ ಬಂದ ಮಂಡೇಲಾ ಅವರನ್ನು ಕಂಡು ಮಾತಾಡಿಸಿದರು.

ಈಗ ಯೋಚಿಸಿ. ಯೂನಿಯನ್ನಿನ ಆ ಕಾಗದದ ನಿರ್ಣಯ ಇಲ್ಲದಿದ್ದರೆ ಮೇರಿ ಮ್ಯಾನಿಂಗ್ ಒಬ್ಬ ತಲೆಹರಟೆ ಕೆಲಸಗಾರ್ತಿ ಎನಿಸಿಕೊಂಡು ಮನೆಗೆ ಹೋಗುತ್ತಿದ್ದಳು. ಮೇರಿ ಮ್ಯಾನಿಂಗ್ ಇಲ್ಲದಿದ್ದರೆ ಆ ನಿರ್ಣಯ ಗೆದ್ದಲಿಗೆ ಊಟ. ಮಾತು ಹಿಡಿಕೆ, ಕೃತಿ ಅಲಗು. ಬರೀ ಹಿಡಿಕೆ ಹಿಡಿದು ಏನು ಕೊಯ್ಯುತ್ತೀರಿ? ಬರೀ ಅಲಗು ಹಿಡಿದರೆ ಕುಯ್ಯುವುದು ನಿಮ್ಮ ಕೈಯನ್ನೇ.

ನಮ್ಮ ಕಸುಬಿಗೆ ಹತ್ತಿರದ ಇನ್ನೊಂದು ಕತೆ ಇದೆ. 1970ರಲ್ಲಿ ಅಮೆರಿಕದ ಪೋಲರಾಯ್ಡ್ ಕಂಪನಿಯಲ್ಲಿ ಕ್ಯಾರೊಲಿನ್ ಹಂಟರ್, ಕೆನ್ ವಿಲಿಯಮ್ಸ್ ಎಂಬ ಇಬ್ಬರು ಕಪ್ಪು ನೌಕರರಿದ್ದರು. ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯ ಗುರುತಿನ ಚೀಟಿಯ ಮಾದರಿಯೊಂದು ಕಂಪನಿಯಲ್ಲೇ ಅವರ ಕಣ್ಣಿಗೆ ಬಿತ್ತು. ಕಪ್ಪು ಜನ ಹೆಜ್ಜೆಹೆಜ್ಜೆಗೂ ತೋರಿಸಬೇಕಿದ್ದ ಆ ಪಾಸ್ ಪುಸ್ತಕಕ್ಕೆ ಫೋಟೊ ತೆಗೆಯುವುದು ತಮ್ಮ ಕಂಪನಿಯ ಕ್ಯಾಮೆರಾ ಎಂದು ಗೊತ್ತಾಯಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಇದೇ ಪಾಸ್ ವಿರೋಧಿಸಿ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದಿದ್ದರು. ಇಬ್ಬರೂ ಒಂದು ಕರಪತ್ರ ಮಾಡಿದರು. ಅರವತ್ತು ಸೆಕೆಂಡಿನಲ್ಲಿ ಫೋಟೊ ಎಂಬ ಕಂಪನಿಯ ಹೆಮ್ಮೆಯನ್ನೇ ತಿರುಗಿಸಿ, ಅರವತ್ತು ಸೆಕೆಂಡಿನಲ್ಲಿ ಜನರನ್ನು ಸೆರೆ ಹಾಕುತ್ತೀರಿ ಎಂದು ಬರೆದು ಕಂಪನಿಯ ನೋಟಿಸ್ ಬೋರ್ಡಿಗೇ ಅಂಟಿಸಿದರು. ಇಬ್ಬರೂ ಕೆಲಸ ಕಳೆದುಕೊಂಡರು. ಹಟ ಬಿಡಲಿಲ್ಲ. ಏಳು ವರ್ಷದ ಮೇಲೆ, 1977ರಲ್ಲಿ, ಏಜೆಂಟ್ ಗುಟ್ಟಾಗಿ ಅಲ್ಲಿನ ಸರ್ಕಾರಕ್ಕೆ ಮಾಲು ಕೊಡುತ್ತಿದ್ದುದು ಬಯಲಾಗಿ ಕಂಪನಿ ಆ ದೇಶದಿಂದ ಕಾಲು ತೆಗೆಯಿತು.

ಒಂದು ಕರಪತ್ರ! ನನ್ನ ಪ್ರೆಸ್ಸಿನಿಂದ ಸಾವಿರಗಟ್ಟಲೆ ಕರಪತ್ರ ಹೋಗುತ್ತವೆ. ಅರ್ಧ ಬಂಡಲು ಸಂಘಟನೆಗಳ ಆಫೀಸಿನ ಮೂಲೆಯಲ್ಲಿ ಧೂಳು ತಿನ್ನುತ್ತದೆ. ವ್ಯತ್ಯಾಸ ಎಲ್ಲಿ? ಆ ಇಬ್ಬರೂ ಊರ ಮೇಲಿನ ಅನ್ಯಾಯವನ್ನೆಲ್ಲ ಖಂಡಿಸಲಿಲ್ಲ. ತಮ್ಮ ಕೈ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿದರು. ತಮಗೆ ಸಂಬಳ ಕೊಡುವವನ ಹೆಸರನ್ನೇ ಬರೆದರು. ತಮ್ಮ ಹೆಸರನ್ನೂ ಅಡಗಿಸಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ ಹೆಸರು ಅಡಗಿಸಿಯೇ ದೊಡ್ಡ ಕೆಲಸ ಮಾಡಿದವರೂ ಇದ್ದಾರೆ. ಲಂಡನ್ನಿನಲ್ಲಿ ಪಾದ್ರಿ ಕ್ಯಾನನ್ ಕಾಲಿನ್ಸ್ ಒಂದು ರಕ್ಷಣಾ ನಿಧಿ ನಡೆಸುತ್ತಿದ್ದರು. ಜೈಲು ಸೇರಿದವರಿಗೆ ವಕೀಲರ ಖರ್ಚು, ಅವರ ಹೆಂಡತಿ ಮಕ್ಕಳಿಗೆ ಅನ್ನದ ಖರ್ಚು. 1966ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ಅದನ್ನು ನಿಷೇಧಿಸಿತು. ಆಮೇಲೆ ಏನು ಮಾಡಿದರು ಗೊತ್ತೇ? ಹಲವು ದೇಶಗಳ ಸಾಮಾನ್ಯ ಗೃಹಿಣಿಯರು, ನಿವೃತ್ತರು ಅಲ್ಲಿನ ಕೈದಿಗಳ ಮನೆಗೆ ಗೆಳೆತನದ ಕಾಗದ ಬರೆಯುವಂತೆ ಬರೆದು, ತಮ್ಮದೇ ದುಡ್ಡು ಎನ್ನುವಂತೆ ನಿಧಿಯ ದುಡ್ಡು ಕಳಿಸಿದರು. ಕಾಲು ಶತಮಾನ ಯಾರಿಗೂ ತುಟಿ ಪಿಟಕ್ಕೆನ್ನಲಿಲ್ಲ. ಒಟ್ಟು ಸುಮಾರು 10 ಕೋಟಿ ಪೌಂಡ್ ಹೀಗೆ ಹೋಯಿತು. ‘ಹವೆ ಹೇಗಿದೆ, ಮಗು ಶಾಲೆಗೆ ಹೋಗುತ್ತಿದೆಯೇ’ ಎಂಬಂಥ ಸಾದಾ ಮಾತಿನ ಮರೆಯಲ್ಲಿ ಒಂದು ಮನೆಯ ಒಲೆ ಉರಿಯಿತು. ಇದನ್ನು ಮಾತೆನ್ನುತ್ತೀರೋ ಕೃತಿ ಎನ್ನುತ್ತೀರೋ?

ನಮ್ಮ ದೇಶವೂ ಸುಮ್ಮನೆ ಕೂರಲಿಲ್ಲ. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಬರುವ ಮುಂಚೆಯೇ, ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಕಡಿದುಕೊಂಡಿತು. ಆಗ ನಮ್ಮ ರಫ್ತಿನಲ್ಲಿ ನೂರಕ್ಕೆ ಐದರಷ್ಟು ಆ ದೇಶಕ್ಕೆ ಹೋಗುತ್ತಿತ್ತು. ಬಡ ದೇಶ ತನ್ನ ಹೊಟ್ಟೆಗೆ ತಾನೇ ಬಟ್ಟೆ ಕಟ್ಟಿಕೊಂಡು ಮಾತು ಉಳಿಸಿಕೊಂಡಿತು. 1974ರಲ್ಲಿ ಡೇವಿಸ್ ಕಪ್ ಟೆನಿಸ್‌ನಲ್ಲಿ ಭಾರತ ಫೈನಲ್ ತಲುಪಿತು. ಎದುರಿಗೆ ದಕ್ಷಿಣ ಆಫ್ರಿಕಾ. ಅಮೃತರಾಜ್ ಸಹೋದರರು ಒಳ್ಳೆಯ ಆಟದಲ್ಲಿದ್ದರು, ಕಪ್ಪು ಕೈಗೆ ಎಟುಕುವಂತಿತ್ತು. ಆಡುವುದಿಲ್ಲ ಎಂದಿತು ಭಾರತ. ಕಪ್ಪು ಪುಕ್ಕಟೆಯಾಗಿ ಅವರಿಗೆ ಹೋಯಿತು. ಇವತ್ತಿನವರೆಗೂ ಆ ಕಪ್ಪು ನಮಗೆ ಸಿಕ್ಕಿಲ್ಲ. ಹೋದರೆ ಹೋಗಲಿ! ಸಿಗದ ಆ ಕಪ್ಪನ್ನು ನಮ್ಮ ಶೋಕೇಸಿನಲ್ಲಿ ಎಲ್ಲಕ್ಕಿಂತ ಮೇಲಿಡಬೇಕು.

‘ವ್ಯಾಪಾರ ನಿಲ್ಲಿಸಿದರೆ ಕಪ್ಪು ಕೂಲಿಗಳೇ ಉಪವಾಸ ಬೀಳುತ್ತಾರೆ’ ಎಂದು ಆ ಕಾಲದಲ್ಲಿ ಅಳುವವರಿದ್ದರು. ಅಳುತ್ತಿದ್ದವರಲ್ಲಿ ಅಲ್ಲಿಂದ ಲಾಭ ತಿನ್ನುವವರೇ ಹೆಚ್ಚು. ಬಹಿಷ್ಕಾರ ಕೇಳಿದವರು ಯಾರು? ಅಲ್ಲಿನ ಕಪ್ಪು ಜನರ ನಾಯಕರೇ. ಆಲ್ಬರ್ಟ್ ಲುಥುಲಿ ಕರೆ ಕೊಟ್ಟ ಮೇಲೆ 1959ರಲ್ಲಿ ಲಂಡನ್ನಿನಲ್ಲಿ ಬಹಿಷ್ಕಾರ ಚಳವಳಿ ಹುಟ್ಟಿತು. ನೋವು ಉಣ್ಣುವವರು ‘ಈ ನೋವನ್ನೂ ಉಣ್ಣುತ್ತೇವೆ, ನೀವು ಕೊಳ್ಳುವುದು ನಿಲ್ಲಿಸಿ’ ಎಂದಾಗ ಕರುಣೆಯ ಹೆಸರಿನಲ್ಲಿ ಕೊಳ್ಳುತ್ತಲೇ ಇರಲು ನಾವು ಯಾರು?

ಸೋತ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬೆಂಜಮಿನ್ ಮೊಲೊಯ್ಸಿ ಎಂಬ ಕವಿಯನ್ನು 1985ರ ಅಕ್ಟೋಬರ್ 18ರಂದು ಪ್ರಿಟೋರಿಯಾದಲ್ಲಿ ಗಲ್ಲಿಗೇರಿಸಿದರು. ಉಳಿಸಿ ಎಂದು ಜಗತ್ತಿನ ಎಷ್ಟೋ ಕಡೆಯಿಂದ ಮನವಿ ಹೋದವು. ಉಳಿಸಲಾಗಲಿಲ್ಲ. ಆದರೆ ಆ ವರ್ಷವೇ ಬೇರೆ ಕಡೆ ಕಂಬ ಅಲುಗುತ್ತಿತ್ತು. ಒಳಗೆ ಟೌನ್‌ಶಿಪ್ಪುಗಳು ಹೊತ್ತಿ ಉರಿದಿದ್ದವು, ಗಣಿ, ಕಾರ್ಖಾನೆಯ ಕೂಲಿಗಳು ಒಂದಾಗಿ ಕೊಸಾಟು ಎಂಬ ದೊಡ್ಡ ಒಕ್ಕೂಟ ಕಟ್ಟಿದರು. ಹೊರಗೆ ಚೇಸ್ ಮ್ಯಾನ್ಹಾಟನ್ ಬ್ಯಾಂಕ್ ಸಾಲ ಮುಂದುವರಿಸಲು ಒಪ್ಪಲಿಲ್ಲ, ಅಲ್ಲಿನ ರ‍್ಯಾಂಡ್ ನಾಣ್ಯ ಕುಸಿಯಿತು. ಅಮೆರಿಕದ ಕಾಲೇಜು ಹುಡುಗರು ವರ್ಷಗಟ್ಟಲೆ ಅಂಗಳದಲ್ಲಿ ಕೂತು ಕೂಗಿದ್ದು, 1986ರಲ್ಲಿ ಅಧ್ಯಕ್ಷ ರೇಗನ್ ಬೇಡವೆಂದರೂ ಅವರ ಸಂಸತ್ತು ದಿಗ್ಬಂಧನದ ಕಾಯ್ದೆ ಮಾಡುವಲ್ಲಿಗೆ ಮುಟ್ಟಿತು. ಒಳಗಿನವರು ಸಾಯದೆ ಹೊರಗಿನವರ ಕೂಗಿನಿಂದಲೇ ಬಿಡುಗಡೆ ಬರುತ್ತಿರಲಿಲ್ಲ. ದೇಶ ಬಿಡಿಸಿಕೊಂಡವರು ಅವರೇ. ಹೊರಗಿನವರು ಮಾಡಿದ್ದು ಕೊರಳಿನ ಉರುಲನ್ನು ಬಿಗಿಯುತ್ತಿದ್ದ ಕೈಗಳಲ್ಲಿ ತಮ್ಮ ಕೈಯನ್ನು ಹಿಂದಕ್ಕೆ ತೆಗೆದದ್ದು. ಅದೇ ದೊಡ್ಡದು.

ಸರ್ವಜ್ಞ ಮೂರು ಬಗೆಯ ಜನರನ್ನು ಹೇಳಿದ್ದಾನೆ. ಹೇಳದೆ ಮಾಡುವವನನ್ನು ಮೇಲಿಟ್ಟ, ಹೇಳಿ ಮಾಡುವವನನ್ನು ನಡುವೆ ಇಟ್ಟ, ಹೇಳಿಯೂ ಮಾಡದವನನ್ನು ಕೆಳಗೆ ತಳ್ಳಿದ. ಮೂರನೆಯವನ ವಿಷಯದಲ್ಲಿ ತಕರಾರಿಲ್ಲ. ಆದರೆ ದೂರದವರ ಹೋರಾಟಕ್ಕೆ ಹೆಗಲು ಕೊಡುವ ಕೆಲಸದಲ್ಲಿ ಎರಡನೆಯವನಿಗೂ ಮೊದಲನೆಯವನ ಸಮಕ್ಕೆ ಜಾಗ ಕೊಡಬೇಕು. ಮೇರಿ ಮ್ಯಾನಿಂಗ್ ಸದ್ದಿಲ್ಲದೆ ಹಣ್ಣು ಪಕ್ಕಕ್ಕಿಟ್ಟಿದ್ದರೆ ಎರಡು ಹಣ್ಣಿನ ವ್ಯಾಪಾರ ಕೆಡುತ್ತಿತ್ತು, ಅಷ್ಟೆ. ಅವಳು ಯಾಕೆ ಮಾಡಿದೆ ಎಂದು ಹೇಳಿದ್ದರಿಂದ ಒಂದು ದೇಶದ ಬಾಗಿಲು ಮುಚ್ಚಿತು. ಮಾಡಿದ್ದನ್ನು ಹೇಳುವುದು ಜಂಭವಲ್ಲ, ಇನ್ನೊಬ್ಬನನ್ನು ಕರೆಯುವ ದಾರಿ.

ಇನ್ನೊಂದು ಮಾತು, ನಮ್ಮಂಥ ನುಡಿ ಹೋರಾಟಗಾರರಿಗೆ. ಮಂಡೇಲಾ ಜೈಲಿನಲ್ಲಿ ಕೂತು ಆಫ್ರಿಕಾನ್ಸ್ ಕಲಿತರು. ಕಾವಲುಗಾರನ ಭಾಷೆ, ಮಕ್ಕಳನ್ನು ಕೊಂದ ಸರ್ಕಾರದ ಭಾಷೆ. ಎದುರಾಳಿಯ ಮನಸ್ಸು ತಿಳಿಯಲು ಕಲಿತರು. 1994ರಲ್ಲಿ ಎಲ್ಲರೂ ಓಟು ಹಾಕಿದರು. 1996ರ ಸಂವಿಧಾನ 11 ಭಾಷೆಗಳನ್ನು ಅಧಿಕೃತ ಎಂದಿತು. ಆಫ್ರಿಕಾನ್ಸ್ ಅದರಲ್ಲಿ ಒಂದು, ಜೂಲು, ಖೋಸಾಗಳ ಪಕ್ಕದಲ್ಲಿ. 2023ರಲ್ಲಿ ಸನ್ನೆ ಭಾಷೆ 12ನೆಯದಾಗಿ ಸೇರಿತು. ಕೆಳಗಿಳಿಸಿದ್ದು ಹೇರಿಕೆಯನ್ನು. ನುಡಿಯನ್ನು ಉಳಿಸಿಕೊಂಡರು.

ಹಾಗಾದರೆ ನಾವೇನು ಮಾಡಬೇಕು? ಮುಂದಿನ ಸಲ ಯಾವ ದೇಶದ ಜನರಿಗಾಗಿಯೇ ಆಗಲಿ ಬ್ಯಾನರ್ ಬರೆಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಆ ಜನ ನಮ್ಮಿಂದ ಏನು ಕೇಳುತ್ತಿದ್ದಾರೆ, ಅದನ್ನು ಅವರ ಬಾಯಿಂದಲೇ ತಿಳಿದುಕೊಂಡಿದ್ದೇವೆಯೇ? ಅವರ ಕೊರಳಿನ ಉರುಲಿನಲ್ಲಿ ನಮ್ಮ ಕೈ ಎಲ್ಲಾದರೂ ಇದೆಯೇ, ನಾವು ಕೊಳ್ಳುವ ಮಾಲಿನಲ್ಲಿ, ಕೆಲಸ ಮಾಡುವ ಕಂಪನಿಯಲ್ಲಿ, ದುಡ್ಡಿಟ್ಟ ಬ್ಯಾಂಕಿನಲ್ಲಿ? ಆ ಕೈ ತೆಗೆಯಲು ನಾವು ಏನು ಕಳೆದುಕೊಳ್ಳಲು ತಯಾರು? ನಾಳೆ ಟಿವಿಯವರು ಬೇರೆ ಸುದ್ದಿಗೆ ಓಡಿದ ಮೇಲೂ, ಎರಡು ವರ್ಷ ಒಂಬತ್ತು ತಿಂಗಳು ನಿಲ್ಲುವ ಕಾಲು ನಮ್ಮಲ್ಲಿ ಎಷ್ಟು ಜನಕ್ಕಿದೆ?

ನಾಲ್ಕಕ್ಕೂ ದೊಡ್ಡ ಉತ್ತರ ಬೇಕಿಲ್ಲ. ಐಟಿ ಕಂಪನಿಯಲ್ಲಿ ಕೂತ ಹುಡುಗ ತನ್ನ ಕಂಪನಿ ಯಾರಿಗೆ ಏನು ಮಾಡಿಕೊಡುತ್ತಿದೆ ಎಂದು ಒಂದು ಪ್ರಶ್ನೆ ಕೇಳಲಿ. ಇಂಗ್ಲಿಷ್ ಬಲ್ಲ ಹುಡುಗಿ ಆ ನಾಡಿನ ಒಂದು ವರದಿಯನ್ನು ಕನ್ನಡಕ್ಕೆ ತರಲಿ, ನಮ್ಮ ಜನಕ್ಕೆ ನಮ್ಮ ನುಡಿಯಲ್ಲಿ ತಿಳಿಯಲಿ. ಯಾರಾದರೊಬ್ಬರು ತಿಂಗಳಿಗೆ ನೂರು ರೂಪಾಯಿ ತಪ್ಪದೆ ಕೊಡಲಿ. ಮಾಡಿದ್ದನ್ನು ಹೇಳಲಿ, ಹೇಳಿದ್ದನ್ನು ಮಾಡಲಿ.

ಆಮೇಲೆ ಕರಪತ್ರ ಮಾಡಿಸಲು ಬನ್ನಿ. ಮ್ಯಾಟರ್ ತನ್ನಿ, ಮಸಿ, ಕಾಗದ ನನ್ನ ಹತ್ತಿರ ಇದೆ. ಕೆಳಗಿನ ಸಾಲಿನಲ್ಲಿ ನನ್ನ ಪ್ರೆಸ್ಸಿನ ಹೆಸರು ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೂ ಒಂದಿಷ್ಟು ಹೆಸರಿಗೆ ಜಾಗ ಬಿಟ್ಟಿರುತ್ತೇನೆ.